ತೆರಿಗೆ ಕಟ್ಟೋರು ಯಾರು?



‘ತೆರಿಗೆ ಕಟ್ಟೋರು ನಾವು, ಕುಂತು ತಿನ್ನೋರು ನೀವು’ – ಬಸ್ಸಿನಲ್ಲಿ, ಚಾದಂಗಡಿಯಲ್ಲಿ ಹಾಸ್ಟೆಲ್ ಹುಡುಗರಾದ ನಾವು ಈ ಮಾತು ಕೇಳಿ ತಲೆ ತಗ್ಗಿಸಿದ್ದೇವೆ. ಇವತ್ತು ಲೆಕ್ಕ ತೆಗೆಯೋಣ. ಬಾಬಾಸಾಹೇಬರು ಬ್ರಿಟಿಷರ ತೆರಿಗೆ, ಖರ್ಚಿನ ಲೆಕ್ಕವನ್ನೇ ಕೆದಕಿ ಬರೆದ ಪುಸ್ತಕ 1925ರಲ್ಲೇ ಅಚ್ಚಾಗಿದೆ. ನಾವು ಮಾತ್ರ ಬಜೆಟ್ ಅಂದ್ರ ಓಡಿಹೋಗ್ತೀವಿ.

2017ರ ಜುಲೈನಿಂದ 2025ರ ಸೆಪ್ಟೆಂಬರ್ ತನಕ ಮೈಸೋಪಿಗೆ ನೂರಕ್ಕೆ 18 ಜಿಎಸ್‌ಟಿ ಇತ್ತು. ಈಗ 5. ಮಸ್ಕಿಯಲ್ಲಿ ಸೋಪು ಕೊಂಡ ಕೂಲಿಕಾರ ಅವ್ವನಿಗೂ ಅದೇ ದರ, ಸಿಂಧನೂರಿನ ರೈಸ್‌ಮಿಲ್ ಸಾಹುಕಾರನಿಗೂ ಅದೇ ದರ. ಅವನಿಗದು ಚಿಲ್ಲರೆ. ಅವ್ವನಿಗೆ ಕೂಲಿಯೊಳಗಿನ ತುಂಡು. ಸಂಜೆ ನಮ್ಮಪ್ಪ ಹರಿದ ಪಾಕೀಟಿನಲ್ಲೂ ಅಬಕಾರಿ ಸುಂಕ ಐತಿ. ಕುಡಿತಕ್ಕ ನಾಚೋಣ, ಆದರೆ ಖಜಾನೆ ಅದರಿಂದಲೂ ತುಂಬತೈತಿ.

ಇನ್ನು ಖರ್ಚು. 1953ರಲ್ಲಿ ತುಂಗಭದ್ರಾ ಕಾಲುವೆಗಳಿಗೆ ನೀರು ಬಂತು. ಎಡದಂಡೆ ಕಾಲುವೆ ಸಿಂಧನೂರಿನ ಎರೆಹೊಲಗಳನ್ನು ಭತ್ತದ ಗದ್ದೆ ಮಾಡಿತು. ದುಡ್ಡು ಎಲ್ಲರದು. ನೀರು ಹರಿದದ್ದು ಹೊಲ ಇದ್ದವನ ಹೊಲಕ್ಕ, ಬೆಲೆ ಏರಿದ್ದು ಅವನ ಎಕರೆಗೆ. ಕೇರಿಗೆ ಬಂದದ್ದು ನಾಟಿ ಕೂಲಿ, ಕೊಯ್ಲಿನ ಕೂಲಿ. ಅದು ಬಂತು, ಸುಳ್ಳಾಡಬಾರದು. ಈಗ ಕೊಯ್ಲಿಗೆ ಮಷೀನು ಬಂದೈತಿ. ಲಿಂಗಸುಗೂರು ತಾಲೂಕಿನ ಹಟ್ಟಿಯಲ್ಲಿ ಸರ್ಕಾರದ ಕಂಪನಿ ಚಿನ್ನ ತೆಗೆಯುತ್ತದೆ. ಅದೇ ತಾಲೂಕಿನ ಒಣಭೂಮಿಯ ಜನ ಗುಳೆ ಹೋಗುತ್ತಾರೆ.

ಇದಕ್ಕೆಂದೇ 2013ರಲ್ಲಿ ನಮ್ಮ ರಾಜ್ಯ ಕಾಯ್ದೆ ತಂದಿತು. ಅಭಿವೃದ್ಧಿ ಹಣದಲ್ಲಿ ಪರಿಶಿಷ್ಟರಿಗೆ ಜನಸಂಖ್ಯೆಯಷ್ಟು ಪಾಲು, ಅಂದರೆ ನೂರಕ್ಕೆ 24.1. ಆದರೆ ಒಳಗೆ 7ಡಿ ಎಂಬ ಕಂಡಿ ಇಟ್ಟರು: ಊರಿಗೆಲ್ಲಾ ಹಾಕಿದ ರಸ್ತೆಯನ್ನೂ ನಮ್ಮ ಲೆಕ್ಕಕ್ಕೆ ಬರೆಯಬಹುದು. 2023ರಲ್ಲಿ ಆ ಕಂಡಿ ಮುಚ್ಚಿದರು. ಅದೇ ವರ್ಷ ಈ ನಿಧಿಯ 11 ಸಾವಿರ ಕೋಟಿಗೂ ಹೆಚ್ಚು ರೂಪಾಯಿ ಗ್ಯಾರಂಟಿಗಳಿಗೆ ಹೋಯಿತು. ಪರಿಶಿಷ್ಟ ಫಲಾನುಭವಿಗಳಿಗೇ ಕೊಟ್ಟೆವು ಎನ್ನುತ್ತದೆ ಸರ್ಕಾರ. ಅವ್ವನ ಕೈಗೆ ಬರುವ ಎರಡು ಸಾವಿರ ನಮಗೆ ಬೇಕು, ಬಿಡೋದಿಲ್ಲ. ಆದರೆ ಎಲ್ಲರಿಗೂ ಕೊಡುವುದನ್ನು ಎಲ್ಲರ ಗಂಟಿನಿಂದ ಕೊಡ್ರಿ. ನಮ್ಮ ಗಂಟು ಭೂ ಒಡೆತನಕ್ಕೆ, ಗಂಗಾ ಕಲ್ಯಾಣದ ಬೋರಿಗೆ, ಹಾಸ್ಟೆಲ್ಲಿಗೆ ಇಟ್ಟದ್ದು. ಎರಡು ಸಾವಿರ ತಿಂಗಳಿಗೆ ಕರಗತೈತಿ. ಎರಡೆಕರೆ ಹಂಗ ಕರಗೋದಿಲ್ಲ.

ಮೂರೂ ತಾಲೂಕಿನಲ್ಲಿ ಈ ನಿಧಿ ಯಾವ ಕೇರಿಗೆ, ಯಾವ ಕೆಲಸಕ್ಕೆ, ಎಷ್ಟು ಖರ್ಚಾಯಿತು ಎಂದು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕುತ್ತಿದ್ದೇವೆ. ಒಂದು ಅರ್ಜಿಗೆ ಹತ್ತು ರೂಪಾಯಿ. ಟೋಪಿ ಈ ಕಡೆಯಿಂದ ಬರತೈತಿ, ಒಂದೊಂದು ರೂಪಾಯಿ ಹಾಕ್ರಿ. ಅಕ್ಷರ ದುಂಡಗಿರೋರು ಮುಂದ ಬರ್ರಿ.