ಕಿವಿಗೊಂದು ಆಂಟೆನಾ, ಬಾಯಿಗೊಂದು ಆಂಟೆನಾ

ಪುಣೆಯ ಅಪಾರ್ಟ್‌ಮೆಂಟ್‌ನಲ್ಲಿ ಕೂತು 80 ಮೀಟರ್ ಬ್ಯಾಂಡ್, ಅಂದ್ರೆ 3.5 ಮೆಗಾಹರ್ಟ್ಸ್ ಆಸುಪಾಸು, ಹ್ಯಾಮ್ ರೇಡಿಯೋ ಹಚ್ಚಿದರೆ ಮೊದಲು ಕೇಳೋದು ಗೊರಗೊರ ಸದ್ದು. ಎಲ್‌ಇಡಿ ಬಲ್ಬು, ಲ್ಯಾಪ್‌ಟಾಪ್ ಚಾರ್ಜರ್, ಲಿಫ್ಟಿನ ಮೋಟರ್ ಡ್ರೈವ್, ಎಲ್ಲ ಸೇರಿ ಮೀಟರಿನ ಮುಳ್ಳನ್ನ ಎಸ್-9ರ ಹತ್ತಿರ ನಿಲ್ಲಿಸಿಬಿಡ್ತಾವೆ. ಸಾಗರದ ಹತ್ತಿರ ನನ್ನ ಸೋದರಮಾವ ಇದ್ದಾರೆ, ಎಪ್ಪತ್ತು ದಾಟಿದೆ. ರಾತ್ರಿ ಹತ್ತು ವ್ಯಾಟಿನ ಸೆಟ್ಟು ಹಿಡಿದು ಕೂರ್ತಾರೆ. ನನ್ನ ಮಾತು ಅವರಿಗೆ ಕೇಳುತ್ತೆ, ಅವರದ್ದು ನನಗೆ ಕೇಳಲ್ಲ. ಫೋನ್ ಮಾಡಬಹುದಲ್ಲ ಅಂತೀರಿ. ಮಳೆಗಾಲದಲ್ಲಿ ಅವರ ಊರಿನ ಟವರ್ ಎರಡೆರಡು ದಿನ ಸತ್ತಿರುತ್ತೆ.

ಇಲ್ಲಿ ಪ್ರಸಾರದ ಲೆಕ್ಕ ಬೇರೆ, ಕೇಳೋ ಲೆಕ್ಕ ಬೇರೆ. ಕಳಿಸುವಾಗ ಆಂಟೆನಾದಲ್ಲಿ ಶಕ್ತಿ ವ್ಯರ್ಥ ಆಗಬಾರದು. ಕೇಳುವಾಗ ಸಿಗ್ನಲ್ ಎಷ್ಟು ಅನ್ನೋದಕ್ಕಿಂತ ಸದ್ದಿಗಿಂತ ಎಷ್ಟು ಮೇಲಿದೆ ಅನ್ನೋದೇ ಮುಖ್ಯ. ಸಿಗ್ನಲ್ 20 ಡೆಸಿಬೆಲ್ ಇಳಿದು ಸದ್ದು 35 ಇಳಿದರೆ, ನಮಗೆ 15 ಲಾಭ.

ಇದು ಹಳೇ ವಿದ್ಯೆ. ಹೆರಾಲ್ಡ್ ಬೆವರೇಜ್ ಅನ್ನೋರ ಉದ್ದ ತಂತಿ ಆಂಟೆನಾಗೆ 1921ರಲ್ಲಿ ಪೇಟೆಂಟ್ ಸಿಕ್ತು. ಅದೇ ಡಿಸೆಂಬರಿನಲ್ಲಿ ಪಾಲ್ ಗಾಡ್ಲಿ ಸ್ಕಾಟ್ಲೆಂಡಿನ ಆರ್ಡ್ರಾಸನ್‌ನಲ್ಲಿ ಅದನ್ನೇ ಎಳೆದು ಅಮೆರಿಕದ ಹವ್ಯಾಸಿಗಳ ಸಿಗ್ನಲ್ ಹಿಡಿದರು. ಆದರೆ ಅದಕ್ಕೆ ಒಂದು ತರಂಗದುದ್ದದಷ್ಟಾದರೂ ತಂತಿ ಬೇಕು, ಅಂದ್ರೆ ಈ ಬ್ಯಾಂಡಿಗೆ 80 ಮೀಟರ್. ನಮ್ಮ ಸೊಸೈಟಿ ಸೆಕ್ರೆಟರಿ ಬಟ್ಟೆ ಒಣಗಿಸೋ ಹಗ್ಗಕ್ಕೇ ನೋಟಿಸ್ ಹಾಕೋರು!

ಹಾಗಾಗಿ ಲೂಪ್. ಪಿವಿಸಿ ಪೈಪಿನ ಚೌಕಟ್ಟು, ಒಂದು ಮೀಟರ್ ಬದಿಯ ಚೌಕ, ಒಂದೇ ಸುತ್ತು ತಾಮ್ರದ ತಂತಿ. ಹಳೇ ರೇಡಿಯೋದ ಗ್ಯಾಂಗ್ ಕಂಡೆನ್ಸರ್, ಸುಮಾರು 500 ಪಿಕೋಫ್ಯಾರಡ್‌ವರೆಗೆ ಬರೋದು, ಟ್ಯೂನ್ ಮಾಡೋಕೆ. ಒಳಗೆ ಇನ್ನೊಂದು ಪುಟ್ಟ ಸುತ್ತು, ಅದರಿಂದ ಕೇಬಲ್. ನೆಟ್ಟಗೆ ನಿಲ್ಲಿಸಿ ನಿಧಾನಕ್ಕೆ ತಿರುಗಿಸಿ. ಲೂಪಿನ ಮುಖ ಸದ್ದಿನ ಕಡೆಗೆ ಬಂದಾಗ ಸದ್ದು ದಢಕ್ಕಂತ ಬೀಳುತ್ತೆ. ಸಿಗ್ನಲ್ ಜಾಸ್ತಿ ಬರೋ ದಿಕ್ಕು ಹುಡುಕಬೇಡಿ, ಸದ್ದು ಸಾಯೋ ದಿಕ್ಕು ಹುಡುಕಿ.

ನಮ್ಮ ಲಿಫ್ಟ್ ರೂಮು ದಕ್ಷಿಣಕ್ಕೆ, ಸಾಗರವೂ ದಕ್ಷಿಣಕ್ಕೇ. ಲಿಫ್ಟನ್ನ ಕೊಂದರೆ ಮಾವನೂ ಹೋಗ್ತಾರಲ್ಲ ಅಂತ ಅನ್ನಿಸುತ್ತೆ. ಹೋಗಲ್ಲ. ಲಿಫ್ಟಿನ ಸದ್ದು ಅಡ್ಡಡ್ಡ ಬರುತ್ತೆ. ಐನೂರು ಕಿಲೋಮೀಟರ್ ಆಚೆಯ ಮಾತು ಅಯಾನುಗೋಳಕ್ಕೆ ತಾಗಿ ಹೆಚ್ಚುಕಡಿಮೆ 50 ಡಿಗ್ರಿ ಮೇಲಿಂದ ಇಳಿಯುತ್ತೆ. ಆ ಕಡೆ ಲೂಪಿಗೆ ಕಿವುಡಿಲ್ಲ. ನನಗೆ ಇದರಷ್ಟು ಖುಷಿ ಕೊಟ್ಟ ಭೌತಶಾಸ್ತ್ರ ಎಂಟೆಕ್‌ನಲ್ಲೂ ಸಿಕ್ಕಿಲ್ಲ.

ಎರಡು ಎಚ್ಚರಿಕೆ. ಕೇಬಲ್ಲಿನ ಹೊರಕವಚವೇ ಆಂಟೆನಾ ಆಗಿ ಮನೆಯ ಸದ್ದನ್ನ ಲೂಪಿನವರೆಗೆ ಒಯ್ಯುತ್ತೆ. ಲೂಪಿನ ಬುಡದಲ್ಲಿ ಕೇಬಲ್ಲನ್ನ ಫೆರೈಟ್ ರಿಂಗಿಗೆ ಹತ್ತು ಸುತ್ತು ಸುತ್ತಿ. ಮತ್ತೆ, ಪ್ರಸಾರ ಮಾಡುವಾಗ ಲೂಪು ರಿಸೀವರಿನಿಂದ ಕಳಚಿಕೊಳ್ಳೋ ಹಾಗೆ ರಿಲೇ ಇರಲಿ, ಇಲ್ಲದಿದ್ದರೆ ರಿಸೀವರಿನ ಮುಂಭಾಗ ಸುಡಬಹುದು.

ಈಗ ಮಾವನ ಮಾತು ಎಸ್-4ರಲ್ಲಿ ಬರುತ್ತೆ, ಸದ್ದು ಎಸ್-2. ಮೊನ್ನೆ ಅರ್ಧ ಗಂಟೆ ಅಡಿಕೆಗೆ ಕೊಳೆರೋಗ ಬಂದಿದ್ದರ ಬಗ್ಗೆಯೇ ಬೈದರು, ಒಂದು ಶಬ್ದವೂ ತಪ್ಪಲಿಲ್ಲ.