ಕರಾರಿನಲ್ಲಿ ‘ಹಾಜರಿ’: ಕೇಳಿ ಬರೆಸಿಕೊಳ್ಳೋಣ

(ಸ್ವಸಹಾಯ ಸಂಘಗಳ ಪ್ರತಿನಿಧಿಗಳ ತರಬೇತಿಯಲ್ಲಿ ನಮ್ಮ ಸಂಸ್ಥೆಯ ಸಿಸ್ಟರ್ ಒಬ್ಬರು ಮಾಡಿದ ಭಾಷಣದ ಬರಹ ರೂಪ)



ಮಧ್ಯಾಹ್ನದ ಊಟ ಆದ ಮೇಲೆ ಕಾನೂನು-ಕರಾರು ಅಂತ ಮಾತಾಡಿದರೆ ನಿದ್ದೆ ಬರೋದು ಸಹಜ. ಅದಕ್ಕೇ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ನಿಮ್ಮಲ್ಲಿ ಮನೆಗೆಲಸಕ್ಕೆ, ಹೋಂ ನರ್ಸ್ ಕೆಲಸಕ್ಕೆ, ಹಾಸ್ಟೆಲ್ ಅಡುಗೆಗೆ, ಆಸ್ಪತ್ರೆ ಕ್ಲೀನಿಂಗಿಗೆ ಹೋಗುವವರು ಎಷ್ಟು ಜನ? ಕೈ ಎತ್ತಿ. ಅರ್ಧಕ್ಕಿಂತ ಹೆಚ್ಚು ಕೈ ಕಾಣುತ್ತಿವೆ. ಕೆಲಸಕ್ಕೆ ಸೇರುವಾಗ ಕಾಗದಕ್ಕೆ ಸಹಿ ಹಾಕಿದವರು ಎಷ್ಟು ಜನ? ಹತ್ತು-ಹನ್ನೆರಡು. ಆ ಕಾಗದದಲ್ಲಿ ಏನಿದೆ ಅಂತ ಓದಿ ಸಹಿ ಹಾಕಿದವರು? ಎರಡೇ ಕೈ. ಉಳಿದವರು ನಗುತ್ತಿದ್ದೀರಿ. ನಗಬೇಡಿ, ಈ ನಗು ಎಷ್ಟು ದುಬಾರಿ ಅಂತ ಈಗ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ನಮ್ಮ ಒಂದು ಸಂಘದ ಸದಸ್ಯೆ ಪೇಟೆಯ ಏಜೆನ್ಸಿಯೊಂದರ ಮೂಲಕ ಹೋಂ ನರ್ಸ್ ಆಗಿ ಹೋದಳು. ಲಕ್ವ ಹೊಡೆದು ಮಲಗಿದ್ದ ಅಜ್ಜಿಯನ್ನು ನೋಡಿಕೊಳ್ಳುವ ಕೆಲಸ. ಎರಡು ಪುಟದ ಕರಾರು. ಅದರಲ್ಲಿ ಒಂದು ಸಾಲು: ‘ಕೆಲಸಗಾರ್ತಿಯು ದಿನದ 24 ಗಂಟೆಯೂ ಸ್ಥಳದಲ್ಲಿ ಹಾಜರಿರತಕ್ಕದ್ದು. ತಪ್ಪಿದಲ್ಲಿ ಎರಡು ತಿಂಗಳ ಸಂಬಳ ಮುಟ್ಟುಗೋಲು.’ ಆಕೆಯ ಮೂಲ ಮಾರ್ಕ್ಸ್ ಕಾರ್ಡನ್ನೂ ಏಜೆನ್ಸಿಯವರು ತೆಗೆದಿಟ್ಟುಕೊಂಡರು.

ಮೂರನೇ ತಿಂಗಳಲ್ಲಿ ಊರಿನಲ್ಲಿ ಆಕೆಯ ತಾಯಿಗೆ ಹುಷಾರಿಲ್ಲ ಅಂತ ಫೋನ್ ಬಂತು. ಮನೆಯವರು, “ನೀವು ಹೋದ್ರೆ ನಮ್ಮ ಅಜ್ಜಿನ ಯಾರಮ್ಮ ನೋಡ್ಕೋತಾರೆ?” ಅಂದರು. ಏಜೆನ್ಸಿಯವರು, “ಬದಲಿ ಜನ ಇಲ್ಲ, ಕರಾರು ನೆನಪಿದೆ ತಾನೆ?” ಅಂದರು. ನಾಲ್ಕು ದಿನ ಕಾದಳು. ಐದನೇ ದಿನ ಬಂದದ್ದು ತಾಯಿ ತೀರಿಕೊಂಡ ಸುದ್ದಿ. ಕಾರ್ಯ ಎಲ್ಲ ಮುಗಿದ ಮೇಲೆ ನನ್ನ ಹತ್ತಿರ ಬಂದು ಆಕೆ ಹೇಳಿದ್ದು ಇಷ್ಟೇ: “ಸಿಸ್ಟರ್, ನಾನು ಸಹಿ ಹಾಕಿದ್ದೆ ಅಲ್ವಾ, ಅದಕ್ಕೇ ಹೋಗ್ಲಿಲ್ಲ.”

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಪಾಸ್‌ಬುಕ್ ಓದೋದು, ಬಡ್ಡಿ ಲೆಕ್ಕ ಹಾಕೋದು, ನಡಾವಳಿ ಬರೆಯೋದು, ಎಲ್ಲವನ್ನೂ ನಾವು ನಿಮಗೆ ಕಲಿಸಿದ್ದೆವು. ದುಡಿಯಲು ಹೋಗುವ ಜಾಗದ ಕಾಗದ ಓದೋದನ್ನು ಕಲಿಸಿರಲಿಲ್ಲ. ಆ ಬಾಕಿಯನ್ನು ಇವತ್ತು ತೀರಿಸುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳುತ್ತೇನೆ. ಆ ಮನೆಯವರು ಕೆಟ್ಟವರಲ್ಲ. ಮಗ್ಗುಲು ಬದಲಿಸಲೂ ಆಗದ ಅಜ್ಜಿಯನ್ನು ಒಂಟಿಯಾಗಿ ಬಿಡೋಕಾಗುತ್ತದೆಯೇ? ಯಾರಾದರೂ ಜೊತೆಗೆ ಇರಲೇಬೇಕು. ಆದರೆ ‘ಯಾರಾದರೂ ಇರಬೇಕು’ ಅನ್ನೋದು ಬೇರೆ, ‘ಇವಳೇ, ಇಲ್ಲೇ, ಯಾವಾಗಲೂ ಇರಬೇಕು’ ಅನ್ನೋದು ಬೇರೆ. ಆ ಕರಾರು ಎರಡನ್ನೂ ಒಂದೇ ಮಾತಿನಲ್ಲಿ ಕಟ್ಟಿಹಾಕಿತು. ಆದ್ದರಿಂದ ‘ಹಾಜರಿರತಕ್ಕದ್ದು’ ಅನ್ನುವ ಮಾತು ಎಲ್ಲೇ ಕಂಡರೂ ಐದು ಪ್ರಶ್ನೆ ಕೇಳಬೇಕು: ಯಾರು? ಎಲ್ಲಿ? ಯಾವ ಹೊತ್ತು? ಬದಲಿ ಉಂಟೇ? ಬರಲಾಗದಿದ್ದರೆ ಏನು?

ಮೊದಲನೆಯದು, ಯಾರು? ಇದು ನಮ್ಮ ಹಳ್ಳಿಯವರಿಗೆ ಹೊಸದಲ್ಲ. ಮುಯ್ಯಾಳು ಕೆಲಸ ನಿಮಗೆಲ್ಲ ಗೊತ್ತು. ಇವತ್ತು ನಾನು ನಿನ್ನ ಗದ್ದೆಗೆ, ನಾಳೆ ನೀನು ನನ್ನ ಗದ್ದೆಗೆ. ನನಗೆ ಜ್ವರ ಬಂದರೆ ನನ್ನ ಮನೆಯಿಂದ ಇನ್ನೊಬ್ಬರನ್ನು ಕಳಿಸುತ್ತೇನೆ, ಯಾರೂ ತಕರಾರು ಮಾಡೋಲ್ಲ. ಆದರೆ ಸೂಲಗಿತ್ತಿಯನ್ನು ಕರೆದಾಗ ಆಕೆಯ ಬದಲು ಏನೂ ಗೊತ್ತಿಲ್ಲದ ಸೊಸೆ ಬಂದರೆ ಒಪ್ಪುತ್ತೀರಾ? ಇಲ್ಲ. ಅಲ್ಲಿ ಆ ಕೈಯನ್ನೇ ನಂಬಿ ಕರೆದಿರುತ್ತೇವೆ.

1872ರ ಭಾರತೀಯ ಕರಾರು ಕಾಯ್ದೆಯ 40ನೇ ಕಲಂ ಹೇಳೋದೂ ಇದನ್ನೇ. ಮಾತು ಕೊಟ್ಟವರೇ ಖುದ್ದಾಗಿ ಮಾಡಬೇಕು ಅನ್ನೋದು ಎರಡೂ ಕಡೆಯವರ ಉದ್ದೇಶವಾಗಿದ್ದರೆ ಅವರೇ ಮಾಡಬೇಕು. ಹಾಗಿಲ್ಲದಿದ್ದರೆ, ಕೆಲಸ ಬಲ್ಲ ಇನ್ನೊಬ್ಬರಿಂದ ಮಾಡಿಸಬಹುದು. ಕಾಯ್ದೆಯಲ್ಲೇ ಉದಾಹರಣೆ ಇದೆ: ಹಣ ಕೊಡುತ್ತೇನೆ ಅಂದವನು ಬೇರೆಯವರ ಕೈಯಲ್ಲಿ ಕಳಿಸಬಹುದು, ಚಿತ್ರ ಬರೆದುಕೊಡುತ್ತೇನೆ ಅಂದವನು ತಾನೇ ಬರೆಯಬೇಕು. ನಮ್ಮ ಕೆಲಸ ಮುಯ್ಯಾಳಿನ ಥರದ್ದೋ ಸೂಲಗಿತ್ತಿಯ ಥರದ್ದೋ ಅನ್ನೋದನ್ನು ಸೇರುವ ದಿನವೇ ಮಾತಾಡಿ ಬರೆಸಬೇಕು. ಜಗಳ ಬಂದ ಮೇಲೆ ‘ಉದ್ದೇಶ ಏನಿತ್ತು’ ಅಂತ ಹುಡುಕೋದು ಕಷ್ಟ.

ಎರಡನೆಯದು, ಎಲ್ಲಿ? ಮನೆ ಅಂದರೆ ಯಾವ ಮನೆ? ಒಂದು ಮನೆಗೆ ಅಂತ ಸೇರಿಸಿಕೊಂಡು ಮಗಳ ಮನೆ, ಅಂಗಡಿ, ತೋಟದ ಮನೆ ಎಲ್ಲಕ್ಕೂ ಕಳಿಸುವುದನ್ನು ನೋಡಿದ್ದೇವೆ. ವಿಳಾಸ ಬರೆಸಿ. ಬೇರೆ ಊರಿಗೆ ಕರೆದುಕೊಂಡು ಹೋಗೋದಾದರೆ ಮೊದಲು ಕೇಳಿ ಒಪ್ಪಿಗೆ ಪಡೆಯಬೇಕು, ಬಸ್ ಚಾರ್ಜು ಅವರದ್ದು ಅಂತಲೂ ಇರಲಿ.

ಮೂರನೆಯದು, ಯಾವ ಹೊತ್ತು? ಇಲ್ಲಿ ಸ್ವಲ್ಪ ನಿಂತು ಯೋಚಿಸೋಣ. ಮನೆಯಲ್ಲೇ ಇದ್ದು ದುಡಿಯುವವರ ದಿನದಲ್ಲಿ ಮೂರು ಥರದ ಹೊತ್ತು ಇರುತ್ತದೆ. ಕೈ ಆಡುವ ಹೊತ್ತು: ಸ್ನಾನ ಮಾಡಿಸೋದು, ಊಟ ಕೊಡೋದು, ಬಟ್ಟೆ ಒಗೆಯೋದು. ಎರಡನೆಯದು ಕಾಯುವ ಹೊತ್ತು: ರಾತ್ರಿ ಅಜ್ಜಿಯ ಪಕ್ಕದಲ್ಲೇ ಮಲಗಿರುತ್ತೀರಿ, ಕೈ ಕೆಲಸ ಇಲ್ಲ, ಆದರೆ ಕರೆದರೆ ಏಳಬೇಕು. ಮೂರನೆಯದು ನಿಮ್ಮ ಸ್ವಂತ ಹೊತ್ತು: ಗೇಟು ದಾಟಿ ಹೋಗಬಹುದು, ಯಾರೂ ಕೇಳುವಂತಿಲ್ಲ. ‘24 ಗಂಟೆ ಹಾಜರಿ’ ಅನ್ನುವ ಕರಾರು ಈ ಮೂರನೆಯದನ್ನು ನುಂಗಿಬಿಡುತ್ತದೆ, ಎರಡನೆಯದಕ್ಕೆ ಲೆಕ್ಕವನ್ನೇ ಇಡೋದಿಲ್ಲ.

“ಮಲಗಿದ್ದಕ್ಕೂ ಕೂಲಿ ಕೇಳ್ತೀರಾ?” ಅಂತ ಕೆಲವರು ನಗುತ್ತಾರೆ. ಇದು ನಮ್ಮ ಕಲ್ಪನೆಯಲ್ಲ. 2011ರ ಜೂನ್ 16ರಂದು ಜಿನೀವಾದಲ್ಲಿ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಮನೆಗೆಲಸದವರಿಗಾಗಿಯೇ 189ನೇ ಒಡಂಬಡಿಕೆಯನ್ನು ಅಂಗೀಕರಿಸಿತು. ಕರೆದರೆ ಬರಬೇಕು ಅಂತ ಕಾದಿರುವ ಹೊತ್ತನ್ನೂ, ಆಯಾ ದೇಶದ ಕಾನೂನು ಹೇಳುವಷ್ಟರ ಮಟ್ಟಿಗೆ, ಕೆಲಸದ ಹೊತ್ತೆಂದೇ ಎಣಿಸಬೇಕು. ವಾರಕ್ಕೊಮ್ಮೆ ಒಟ್ಟಿಗೆ ಕನಿಷ್ಠ 24 ಗಂಟೆ ಬಿಡುವು ಕೊಡಬೇಕು. ಆ ಬಿಡುವಿನಲ್ಲಿ ‘ಮನೆಯಲ್ಲೇ ಇರು’ ಅಂತ ಒತ್ತಾಯಿಸಬಾರದು. ಗುರುತಿನ ಕಾಗದಗಳು ಕೆಲಸಗಾರರ ಕೈಯಲ್ಲೇ ಇರಬೇಕು. ಇವೆಲ್ಲ ಅದರಲ್ಲಿವೆ. ಭಾರತ ಅದರ ಪರವಾಗಿ ಮತ ಹಾಕಿತು, ಆದರೆ ಇನ್ನೂ ಅನುಮೋದಿಸಿಲ್ಲ. ಹಾಗಾಗಿ ಅದು ನಮ್ಮಲ್ಲಿ ಕಾನೂನಾಗಿ ಕಟ್ಟುವುದಿಲ್ಲ, ನಿಜ. ಆದರೆ ಕರಾರು ಮಾತಾಡುವಾಗ ‘ಲೋಕದಲ್ಲಿ ಯಾವುದು ನ್ಯಾಯ ಅಂತ ಒಪ್ಪಿದ್ದಾರೆ’ ಎಂದು ತೋರಿಸಲು ಅದು ಸಾಕು. ನಮ್ಮ ರಾಜ್ಯವೂ 2004ರಲ್ಲೇ ಮನೆಗೆಲಸದವರಿಗೆ ಕನಿಷ್ಠ ಕೂಲಿ ನಿಗದಿ ಮಾಡಿ ದಾರಿ ತೋರಿಸಿದೆ. ಕೂಲಿಗೆ ಲೆಕ್ಕ ಬೇಕಾದರೆ ಹೊತ್ತಿಗೂ ಲೆಕ್ಕ ಬೇಕು.

ನಾಲ್ಕನೆಯದು, ಬದಲಿ. ಇದಕ್ಕೆ ಒಂದು ಸಂಘದ ಅನುಭವ ಹೇಳುತ್ತೇನೆ. ಅವರು ಒಂದು ಹಾಸ್ಟೆಲಿನ ಅಡುಗೆ ಕೆಲಸವನ್ನು ಸಂಘದ ಹೆಸರಿನಲ್ಲೇ ವಹಿಸಿಕೊಂಡರು. ಒಳ್ಳೆಯ ಧೈರ್ಯ. ಕರಾರಿನಲ್ಲಿ ಮೂವರ ಹೆಸರು ಬರೆದು ‘ಇವರು ಪ್ರತಿದಿನ ಹಾಜರಿರಬೇಕು’ ಅಂತ ಹಾಕಿದರು. ಮೂವರಲ್ಲಿ ಒಬ್ಬಾಕೆಗೆ ಹೆರಿಗೆಯಾಯಿತು. ಸಂಘದವರು ಬೇರೆ ಸದಸ್ಯೆಯನ್ನು ಕಳಿಸಿದರು. ಆಕೆಯೂ ದಿನಾ ಹೋಗಿ ದುಡಿದಳು. ತಿಂಗಳ ಕೊನೆಗೆ ಒಬ್ಬರ ಪೂರಾ ಹಣ ಕಡಿತ! ಕೇಳಿದರೆ, “ಕರಾರಿನಲ್ಲಿದ್ದವರು ಬಂದಿಲ್ಲವಲ್ಲ.” ಮಕ್ಕಳಿಗೆ ಒಂದು ಹೊತ್ತಿನ ಊಟವೂ ತಪ್ಪಿರಲಿಲ್ಲ. ತಪ್ಪಿದ್ದು ಹೆಸರು ಮಾತ್ರ.

ಮುಂದಿನ ವರ್ಷ ಅವರು ಜಾಣರಾದರು. ಕರಾರಿನಲ್ಲಿ ‘ಪ್ರತಿದಿನ ಬೆಳಿಗ್ಗೆ 5ರಿಂದ ಮೂವರು ಅಡುಗೆಯವರು ಇರುತ್ತಾರೆ; ಇವರು ಲಗತ್ತಿಸಿದ ಏಳು ಜನರ ಪಟ್ಟಿಯಲ್ಲಿದ್ದವರಾಗಿರುತ್ತಾರೆ’ ಅಂತ ಬರೆಸಿದರು. ಹಾಸ್ಟೆಲಿನವರಿಗೂ ನೆಮ್ಮದಿ, ಯಾರು ಬಂದರೂ ಗುರುತಿನವರೇ. ಸಂಘಕ್ಕೂ ನೆಮ್ಮದಿ. ಒಬ್ಬಳ ಹೆರಿಗೆ, ಇನ್ನೊಬ್ಬಳ ಮಗನ ಜ್ವರ ಕಡಿತವಾಗಿ ತಿರುಗಿ ಬರಲಿಲ್ಲ. ಸಂಘದ ಬಲ ಇರೋದೇ ಇಲ್ಲಿ. ಒಂಟಿ ಹೆಂಗಸಿಗೆ ಬದಲಿ ಸಿಗೋದಿಲ್ಲ, ಇಪ್ಪತ್ತು ಜನರ ಸಂಘಕ್ಕೆ ಸಿಗುತ್ತದೆ.

ಐದನೆಯದು, ಬರಲಾಗದಿದ್ದರೆ? ಎಷ್ಟು ಮುಂಚೆ ಹೇಳಬೇಕು, ಯಾರಿಗೆ ಹೇಳಬೇಕು, ಸಾವು-ಆಸ್ಪತ್ರೆಯಂಥ ತುರ್ತಿಗೆ ಫೋನ್ ಮಾಡಿ ಹೊರಟರೆ ಸಾಕೇ? ಬರೆಸಿ. ದಂಡದ ಮಾತು ಇದ್ದರೆ ಹೆದರಿ ಕೂರಬೇಡಿ. ಅದೇ ಕರಾರು ಕಾಯ್ದೆಯ 74ನೇ ಕಲಂ ಪ್ರಕಾರ, ಕಾಗದದಲ್ಲಿ ಎಷ್ಟೇ ದೊಡ್ಡ ದಂಡ ಬರೆದಿದ್ದರೂ ಕೋರ್ಟು ಕೊಡಿಸೋದು ನ್ಯಾಯವಾದ ಪರಿಹಾರ ಮಾತ್ರ. ಬರೆದ ಮೊತ್ತ ಅದರ ಮೇಲಿನ ಮಿತಿ. ಎರಡು ತಿಂಗಳ ಸಂಬಳ ಅಂತ ಬರೆದಾಕ್ಷಣ ಎರಡು ತಿಂಗಳ ಸಂಬಳ ಅವರದ್ದಾಗುವುದಿಲ್ಲ.

ಇನ್ನು, ಯಾವ ಕಾಗದಕ್ಕೆ ಸಹಿ ಹಾಕಿದ್ದರೂ ನಡೆಯದ ಸಂಗತಿಗಳಿವೆ. ಸರಿಯಾಗಿ ಕೇಳಿಸಿಕೊಳ್ಳಿ. ಮುಂಗಡ ಕೊಟ್ಟಿದ್ದೇವೆ, ಸಾಲ ತೀರುವ ತನಕ ಬೇರೆ ಕಡೆ ದುಡಿಯಬಾರದು, ಊರು ಬಿಡಬಾರದು ಅಂತ ಹಿಡಿದಿಟ್ಟರೆ ಅದು ಕರಾರಲ್ಲ, ಜೀತ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯಲ್ಲಿ ಅದು ಅಪರಾಧ. ಜಿಲ್ಲಾಧಿಕಾರಿಗೆ ದೂರು ಕೊಡಬಹುದು. ಗೇಟಿಗೆ ಬೀಗ ಹಾಕಿ ಹೊರಗೆ ಬಿಡದೆ ಕೂಡಿಹಾಕಿದರೆ ಅದು ಅಕ್ರಮ ಬಂಧನ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 127ನೇ ಕಲಮಿನಲ್ಲಿ ಅದಕ್ಕೆ ಶಿಕ್ಷೆ ಇದೆ. ತುರ್ತಿಗೆ 112, ಮಹಿಳಾ ಸಹಾಯವಾಣಿ 181. ವಕೀಲರಿಗೆ ದುಡ್ಡಿಲ್ಲ ಅಂತ ಸುಮ್ಮನಾಗಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಆದಾಯ ಎಷ್ಟೇ ಇದ್ದರೂ ಹೆಂಗಸರಿಗೆ ಉಚಿತ ಕಾನೂನು ನೆರವು ಉಂಟು. ತಾಲ್ಲೂಕು ಕೋರ್ಟಿನಲ್ಲೇ ಕಾನೂನು ಸೇವಾ ಸಮಿತಿ ಇರುತ್ತದೆ. 15100ಕ್ಕೆ ಫೋನ್ ಮಾಡಿದರೂ ಆಗುತ್ತದೆ.

“ಸಿಸ್ಟರ್, ಇಷ್ಟೆಲ್ಲ ಕೇಳಿದ್ರೆ ಕೆಲಸವೇ ಕೊಡಲ್ಲ” ಅಂತ ಹಿಂದಿನ ಸಾಲಿನಿಂದ ಯಾರೋ ಅಂದ ಹಾಗಿತ್ತು. ಆ ಭಯ ಸುಳ್ಳಲ್ಲ. ಆದ್ದರಿಂದ ಜಗಳದ ಧಾಟಿ ಬೇಡ. “ಅಮ್ಮಾ, ನಾಳೆ ನಮ್ಮಿಬ್ಬರಿಗೂ ಮಾತು ಬರೋದು ಬೇಡ, ಇದನ್ನ ಬರೆದುಕೊಳ್ಳೋಣ” ಅನ್ನಿ. ಒಂಟಿಯಾಗಿ ಹೋಗಬೇಡಿ, ಸಂಘದ ಪ್ರತಿನಿಧಿಯನ್ನು ಕರೆದುಕೊಂಡು ಹೋಗಿ. ಬಾಯಿ ಮಾತಿನ ಒಪ್ಪಂದವೂ ಒಪ್ಪಂದವೇ, ಆದರೆ ಅದನ್ನು ಸಾಬೀತು ಮಾಡೋದು ಕಷ್ಟ. ನೋಟ್ ಪುಸ್ತಕದ ಒಂದು ಹಾಳೆ ಸಾಕು. ಹೀಗೆ ಬರೆಯಬಹುದು:

1. ಕೆಲಸದ ಸ್ಥಳ: (ವಿಳಾಸ). ಬೇರೆ ಕಡೆ ಕಳಿಸಬೇಕಾದರೆ ಮೊದಲೇ ಒಪ್ಪಿಗೆ ಪಡೆಯುವುದು.
2. ಕೆಲಸದ ಹೊತ್ತು: ಬೆಳಿಗ್ಗೆ ಇಷ್ಟರಿಂದ ಇಷ್ಟರವರೆಗೆ, ಸಂಜೆ ಇಷ್ಟರಿಂದ ಇಷ್ಟರವರೆಗೆ.
3. ರಾತ್ರಿ ಕಾಯುವ ಹೊತ್ತು: ಇಷ್ಟರಿಂದ ಇಷ್ಟರವರೆಗೆ. ಇದಕ್ಕೆ ಪ್ರತ್ಯೇಕವಾಗಿ ಇಷ್ಟು ರೂಪಾಯಿ.
4. ವಾರದ ರಜೆ: ಇಂಥ ದಿನ, ಪೂರ್ತಿ ದಿನ. ಆ ದಿನ ಸ್ಥಳದಲ್ಲಿ ಇರಬೇಕಾಗಿಲ್ಲ.
5. ಬದಲಿ: ಸಂಘದ ಪಟ್ಟಿಯಲ್ಲಿರುವ ಇಂಥವರು ಬಂದರೆ ಹಾಜರಿ ಎಂದೇ ಲೆಕ್ಕ.
6. ತುರ್ತು: ಫೋನ್ ಮಾಡಿ ಹೊರಡಬಹುದು. ಬದಲಿ ಬರುವ ತನಕ ರೋಗಿಯನ್ನು ಮನೆಯವರು ನೋಡಿಕೊಳ್ಳುತ್ತಾರೆ. ಹೋದ ದಿನದ ಸಂಬಳ ಬಿಟ್ಟು ಬೇರೆ ಕಡಿತ ಇಲ್ಲ.
7. ಮೂಲ ದಾಖಲೆಗಳನ್ನು ಇಟ್ಟುಕೊಳ್ಳುವಂತಿಲ್ಲ, ಜೆರಾಕ್ಸ್ ಕೊಡಲಾಗುವುದು.

ಇಬ್ಬರ ಸಹಿ, ತಾರೀಖು, ಇಬ್ಬರ ಹತ್ತಿರವೂ ಒಂದೊಂದು ಪ್ರತಿ. ಜೊತೆಗೆ ನಿಮ್ಮದೇ ಒಂದು ಸಣ್ಣ ಪುಸ್ತಕದಲ್ಲಿ ದಿನಾ ಬಂದ ಹೊತ್ತು, ಹೋದ ಹೊತ್ತು ಬರೆದಿಡಿ.

ಕೊನೆಯ ಮಾತು ನಮ್ಮ ಸಂಘಗಳಿಗೇ. ಬೇರೆಯವರ ಕರಾರು ಸರಿ ಇರಬೇಕು ಅನ್ನುವ ನಾವು ನಮ್ಮ ಹಾಜರಿ ಪುಸ್ತಕ ತೆರೆದು ನೋಡೋಣ. ಸಭೆಗೆ ಬಾರದವರ ಸಹಿಯನ್ನು ಆಮೇಲೆ ಮನೆಗೆ ಹೋಗಿ ಹಾಕಿಸಿಕೊಂಡು ಬರುವುದು ನಡೆಯುತ್ತಿದೆ. ಬಾಣಂತಿಗೂ ಐದು ರೂಪಾಯಿ ದಂಡ ಹಾಕುವುದೂ ನಡೆಯುತ್ತಿದೆ. ಬರದವರನ್ನು ಬಂದರು ಅಂತ ಬರೆಯೋದೂ ತಪ್ಪು, ಬರಲಾಗದವರನ್ನು ಶಿಕ್ಷಿಸೋದೂ ತಪ್ಪು. ಮುಂದಿನ ಸಭೆಯಲ್ಲೇ ಈ ಐದು ಪ್ರಶ್ನೆಗಳನ್ನು ಮೊದಲು ನಮ್ಮ ನಿಯಮಕ್ಕೆ ಕೇಳಿ, ನಡಾವಳಿಯಲ್ಲಿ ಬರೆಯಿರಿ.

ಆ ಸಹೋದರಿ ಈಗಲೂ ಹೋಂ ನರ್ಸ್ ಕೆಲಸಕ್ಕೆ ಹೋಗುತ್ತಾಳೆ. ಏಜೆನ್ಸಿಯ ಮೂಲಕ ಅಲ್ಲ, ಸಂಘದ ಪಟ್ಟಿಯ ಮೂಲಕ. ಆಕೆಯ ಹಾಳೆಯಲ್ಲಿ ಆರನೇ ಸಾಲನ್ನು ಆಕೆಯೇ ತನ್ನ ಕೈಯಾರೆ ಬರೆಯುತ್ತಾಳೆ. ನೀವೂ ಬರೆಯಿರಿ.