ತಂದೆಯ ವರ್ಷಾಶನ, ತಾಯಿಯ ಆಸರೆ
(ಮುಂಬಯಿಯಲ್ಲಿ ನಮ್ಮ ಸಂಘದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮಲ್ಲಿ ಹಲವರ ತಂದೆಯವರು ಈ ನಗರದಲ್ಲೇ ದುಡಿದು ಮುದುಕರಾದವರು. ಕೆಲಸ ಬಿಡುವಾಗ ಪ್ರಾವಿಡೆಂಟ್ ಫಂಡು, ಗ್ರಾಚ್ಯುಯಿಟಿ ಎಂದು ಒಂದು ಗಂಟು ಕೈಗೆ ಬರುತ್ತದೆ. ಮನೆಯಲ್ಲಿಟ್ಟರೆ ಅದು ಕರಗುತ್ತದೆ. ಆದುದರಿಂದ ಕೆಲವರು ಜೀವ ವಿಮಾ ನಿಗಮದಂಥ ಕಡೆ ಹಣ ಕಟ್ಟಿ, ತಿಂಗಳು ತಿಂಗಳು ಮೊತ್ತ ಬರುವ ವರ್ಷಾಶನವನ್ನು ಕೊಳ್ಳುತ್ತಾರೆ. ಒಳ್ಳೆಯದೇ. ಆದರೆ ತಂದೆಯ ನಂತರ ತಾಯಿಯ ಗತಿಯೇನು ಎಂಬುದನ್ನು ಆ ಅರ್ಜಿಯಲ್ಲಿ ಹಾಕುವ ಒಂದು ಗುರುತು ತೀರ್ಮಾನಿಸಿಬಿಡುತ್ತದೆ.

ವರ್ಷಾಶನದಲ್ಲಿ ಮುಖ್ಯವಾಗಿ ಮೂರು ಬಗೆ. ಮೊದಲನೆಯದರಲ್ಲಿ ತಂದೆ ಬದುಕಿರುವವರೆಗೆ ಮಾತ್ರ ಹಣ. ತಿಂಗಳ ಮೊತ್ತ ಹೆಚ್ಚು. ಆದರೆ ಅವರು ಎರಡು ಕಂತು ಪಡೆದು ಕಣ್ಣು ಮುಚ್ಚಿದರೂ ಅಸಲು ಮನೆಗೆ ಬಾರದು. ಎರಡನೆಯದರಲ್ಲಿ ಅವರ ನಂತರ ಅಸಲು ನಾಮಿನಿಗೆ ಬರುತ್ತದೆ. ತಿಂಗಳ ಮೊತ್ತ ಕಡಿಮೆ. ಮೂರನೆಯದು ಗಂಡಹೆಂಡಿರ ಜೋಡಿ ವರ್ಷಾಶನ. ತಂದೆಯ ನಂತರ ತಾಯಿ ಬದುಕಿರುವವರೆಗೂ ಹಣ ನಡೆಯುತ್ತದೆ. ಪಾಲಿಸಿ ಕೈಗೆ ಬಂದ 30 ದಿನಗಳೊಳಗೆ ಅದನ್ನು ಮರಳಿಸಬಹುದು. ಆಮೇಲೆ ಆರಿಸಿದ ಬಗೆಯನ್ನು ಬದಲಾಯಿಸಲಾಗದು. ತಿಂಗಳಿಗೆ ನಾಲ್ಕು ಕಾಸು ಹೆಚ್ಚೆಂದು ನಾವು ಮೊದಲನೆಯದಕ್ಕೆ ಮನಸೋಲಬಾರದು.

ಫಂಡಿನ ಪಿಂಚಣಿ ಇದೆಯಲ್ಲ ಎನ್ನುವಿರಿ. 1995ರ ನವೆಂಬರ್ 16ರಂದು ಜಾರಿಗೆ ಬಂದ ಆ ಯೋಜನೆಯಲ್ಲಿ, ಪಿಂಚಣಿದಾರನ ನಂತರ ಹೆಂಡತಿಗೆ ಸಾಮಾನ್ಯವಾಗಿ ಅರ್ಧ ದೊರೆಯುತ್ತದೆ. 2014ರಲ್ಲಿ ಗೊತ್ತುಮಾಡಿದ ಕನಿಷ್ಠ ಪಿಂಚಣಿ 1,000 ರೂಪಾಯಿ. ಅದರಲ್ಲಿ ಅಕ್ಕಿ ಕೊಳ್ಳುವುದೋ, ಔಷಧಿ ಕೊಳ್ಳುವುದೋ?

ಇನ್ನು ತೆರಿಗೆಯ ಭಯ. ಸತ್ತವರ ಆಸ್ತಿಯ ಮೇಲೆ 1953ರ ಕಾಯಿದೆಯಂತೆ ಸುಂಕವಿತ್ತು. 1985ರಲ್ಲಿ ಅದು ರದ್ದಾಯಿತು. ವಾರಸಾಗಿ ಬಂದುದಕ್ಕೆ ಈಗ ಅಂಥ ತೆರಿಗೆಯಿಲ್ಲ. ತಿಂಗಳ ವರ್ಷಾಶನ ಮಾತ್ರ ಪಡೆಯುವವರ ಆದಾಯಕ್ಕೆ ಸೇರುತ್ತದೆ. ಆದರೆ 2025-26ರ ಹೊಸ ಪದ್ಧತಿಯಲ್ಲಿ ಪಗಾರ, ಪಿಂಚಣಿ, ಬಡ್ಡಿಯಂಥ ಆದಾಯ ವರ್ಷಕ್ಕೆ 12 ಲಕ್ಷ ರೂಪಾಯಿಯವರೆಗಿದ್ದರೆ ತೆರಿಗೆ ಬೀಳದು. ಆದುದರಿಂದ ತೆರಿಗೆ ಉಳಿಸುವ ನೆಪದಲ್ಲಿ ಮುದುಕರ ಹಣವನ್ನು ಮಕ್ಕಳ ಹೆಸರಿಗೆ ಬರೆಸಿಕೊಳ್ಳುವುದು ನ್ಯಾಯವಲ್ಲ. ಕೈಯಲ್ಲಿ ಸ್ವಂತ ಹಣವಿರುವ ತಾಯಿಗೆ ಮನೆಯಲ್ಲಿ ಮಾತೂ ಇರುತ್ತದೆ.

ಕೊನೆಯ ಮಾತು ವಾರಸಿನದು. ಬ್ಯಾಂಕಿನ ಠೇವಣಿಗೆ ನಾಮಿನಿಯಾದವನು ಹಣ ಪಡೆದುಕೊಳ್ಳುವವನೇ ಹೊರತು ಒಡೆಯನಲ್ಲ. ಉಯಿಲಿಲ್ಲದಿದ್ದರೆ, 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಂತೆ ತಂದೆಯ ಸ್ವಂತ ಗಳಿಕೆಯಲ್ಲಿ ಹೆಂಡತಿಗೆ, ಗಂಡುಮಕ್ಕಳಿಗೆ, ಹೆಣ್ಣುಮಕ್ಕಳಿಗೆ ಸಮಪಾಲು. ಅವರ ತಾಯಿ ಬದುಕಿದ್ದರೆ ಅವರಿಗೂ ಉಂಟು. ಅಣ್ಣತಮ್ಮಂದಿರು ಕೋರ್ಟಿನ ಮೆಟ್ಟಿಲು ಹತ್ತಬಾರದೆಂದಿದ್ದರೆ ತಂದೆಯವರು ಗಟ್ಟಿಮುಟ್ಟಾಗಿರುವಾಗಲೇ ಉಯಿಲು ಬರೆಯಲಿ. ಅದಕ್ಕೆ ಛಾಪಾಕಾಗದ ಬೇಕಿಲ್ಲ, ನೋಂದಣಿಯೂ ಕಡ್ಡಾಯವಲ್ಲ. ಅವರ ರುಜು ಮತ್ತು ಇಬ್ಬರು ಸಾಕ್ಷಿಗಳ ರುಜು ಬೇಕು. ಪಾಲು ಪಡೆಯುವವರು ಸಾಕ್ಷಿಗಳಾಗದಿರುವುದು ಲೇಸು.

ಬಂಧುಗಳೇ, ಮೊದಲನೆಯ ಬಗೆಯನ್ನು ಈಗಾಗಲೇ ಕೊಂಡಾಗಿದ್ದರೆ ಕೈಚೆಲ್ಲಬೇಡಿ. ಉಳಿದ ಹಣವನ್ನು ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ, ಗಂಡಹೆಂಡಿರ ಜಂಟಿ ಖಾತೆಯಾಗಿ ಇಡಬಹುದು. ಮುಂದಿನ ರಜೆಗೆ ಊರಿಗೆ ಹೋದಾಗ ತಂದೆ ತಾಯಿ ಇಬ್ಬರನ್ನೂ ಕೂರಿಸಿಕೊಂಡು ಕಾಗದಗಳನ್ನು ಬಿಚ್ಚಿ ನೋಡಿ. ಇಂಗ್ಲಿಷು ತಿಳಿಯದಿದ್ದರೆ ಸಂಘಕ್ಕೆ ತನ್ನಿ. ನಾವು ಕೂಡಿ ಓದೋಣ.